ಆರು ದಿನ, ಐದು ಮ್ಯಾಚ್, ಎರಡು ಪೀಪಾಯಿ ನೀರು: 1899ರ ಸುವಾನಿ ತಂಡದ ಬಗ್ಗೆ ಮಾತಾಡೋಣ

ಗ್ಯಾಲರಿ ಗಿರಾಕಿ

ಮೂರು ದಿನದಲ್ಲಿ ಎರಡು ಮ್ಯಾಚ್ ಆಡಿಸಿದರೆ ಹುಡುಗರು ಸುಸ್ತಾಗಲ್ವಾ ಅಂತ ಪಕ್ಕದ ಎಳೆಯಲ್ಲಿ (ಥ್ರೆಡ್‌ನಲ್ಲಿ) ಜಗಳ ನಡೀತಿದೆ. ಅದನ್ನು ಓದುವಾಗ ನನಗೆ ಹಳೇ ತಂಡವೊಂದು ನೆನಪಾಯಿತು. ಅಲ್ಲಿ ಬರೆದರೆ ಮುಳುಗಿಹೋಗುತ್ತೆ, ಅದಕ್ಕೇ ಬೇರೆ ಎಳೆ.

ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ ಬೆಟ್ಟದ ಮೇಲೆ ಸುವಾನಿ ಅಂತ ಒಂದು ಊರು. ಅಲ್ಲೊಂದು ಸಣ್ಣ ಚರ್ಚ್ ಕಾಲೇಜು. ಹೆಸರು ಮಾತ್ರ ಭಾರೀ ದೊಡ್ಡದು, ಯೂನಿವರ್ಸಿಟಿ ಆಫ್ ದ ಸೌತ್. ಓದುತ್ತಿದ್ದವರು ಕೆಲವು ನೂರು ಹುಡುಗರು, ಅಷ್ಟೇ. 1899ರಲ್ಲಿ ಈ ಕಾಲೇಜಿನ ಫುಟ್‌ಬಾಲ್ ತಂಡ 12 ಪಂದ್ಯ ಆಡಿತು. ಹನ್ನೆರಡೂ ಗೆದ್ದಿತು. ಒಟ್ಟು 322 ಅಂಕ ಗಳಿಸಿ, ಬಿಟ್ಟುಕೊಟ್ಟಿದ್ದು ಬರೀ 10.

ಅದರಲ್ಲೂ ನವೆಂಬರ್‌ನ ಆ ಒಂದು ವಾರ ನೋಡಿ. 9ನೇ ತಾರೀಕು ಗುರುವಾರ ಆಸ್ಟಿನ್‌ನಲ್ಲಿ ಟೆಕ್ಸಾಸ್ ಯೂನಿವರ್ಸಿಟಿ ಮೇಲೆ 12-0. ಶುಕ್ರವಾರ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮೇಲೆ 10-0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23-0. ಭಾನುವಾರ ರಜೆ. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ಮೇಲೆ 34-0. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪ್ಪಿ ಮೇಲೆ 12-0. ಆರು ದಿನದಲ್ಲಿ ಐದು ಊರು, ಐದು ಗೆಲುವು, 91-0. ಹೋಗಿ ಬರುವ ರೈಲು ದಾರಿ ಸುಮಾರು 2,500 ಮೈಲಿ, ಅಂದರೆ 4,000 ಕಿಲೋಮೀಟರ್.

ಎಲ್ಲರೂ ಆಟಗಾರರನ್ನು ಹೊಗಳುತ್ತಾರೆ. ನಾನು ಹೇಳೋದು ಬೇರೆ. ಈ ಸೀಸನ್‌ನ ನಿಜವಾದ ಹೀರೋ ಮೈದಾನಕ್ಕೆ ಇಳಿಯಲೇ ಇಲ್ಲ. ಅವನು ತಂಡದ ಮ್ಯಾನೇಜರ್ ಲ್ಯೂಕ್ ಲೀ. ಆಗ ವಯಸ್ಸು ಇಪ್ಪತ್ತು, ಅವನೂ ವಿದ್ಯಾರ್ಥಿಯೇ. ಇದು ದುಡ್ಡಿನ ಕಥೆ, ರೈಲ್ವೆ ಟೈಮ್ ಟೇಬಲ್ ಕಥೆ. ಆಟ ಆಮೇಲೆ. ಒಪ್ಪದವರು ಬನ್ನಿ, ಕುಸ್ತಿ ಆಡೋಣ.

ಮಂಡ್ಯದೋನು

ಗುರು, ಫುಟ್‌ಬಾಲ್‌ನಲ್ಲಿ 34 ಗೋಲಾ? ಗೋಲ್‌ಕೀಪರ್ ಊಟಕ್ಕೆ ಹೋಗಿದ್ನಾ?

ಗ್ಯಾಲರಿ ಗಿರಾಕಿ

ನಗ್ತಾ ಇದ್ದೀನಿ. ಇದು ಅಮೆರಿಕದ ಫುಟ್‌ಬಾಲ್ ಗುರು. ಕೈಯಲ್ಲಿ ಚೆಂಡು ಹಿಡಿದು ಓಡೋದು. ಹಳೇ ರೆಫ್ರಿ ಸರ್ ಇದ್ದರೆ ಬಿಡಿಸಿ ಹೇಳ್ತಾರೆ.

ಹಳೇ ರೆಫ್ರಿ

ಇದ್ದೇನಪ್ಪಾ. ನನ್ನದು ಕಬಡ್ಡಿ ಲೆಕ್ಕ, ಅದರಲ್ಲೇ ಹೇಳುತ್ತೇನೆ.

ಹನ್ನೊಂದು ಜನ ಒಂದು ಕಡೆ, ಹನ್ನೊಂದು ಜನ ಇನ್ನೊಂದು ಕಡೆ. ಈಗ ಟಿವಿಯಲ್ಲಿ ಬರುವ ಹಾಗೆ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಆ ಅವಕಾಶ ಬಂದಿದ್ದು 1906ರಲ್ಲಿ. ಆಗ ಮೂರು ಪ್ರಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಐದು ಗಜ ಅಂದರೆ ಎಷ್ಟು, ನಾಲ್ಕೂವರೆ ಮೀಟರ್. ಹಾಗಾಗಿ ಎಲ್ಲರೂ ಒಟ್ಟಿಗೆ ನುಗ್ಗುವುದೇ ಆಟ. ಕಬಡ್ಡಿಯಲ್ಲಿ ದಾಳಿಗಾರನನ್ನು ನಾಲ್ಕು ಜನ ಕವುಚಿಕೊಂಡಿದ್ದಾರೆ ಅಂದುಕೊಳ್ಳಿ. ಅವನ ತಂಡದವರೇ ಬಂದು ಕೈ ಹಿಡಿದು ಗೆರೆಗೆ ಎಳೆಯಬಹುದು ಅನ್ನುವ ನಿಯಮ ಇದ್ದರೆ ಹೇಗಿರುತ್ತೆ? ಹೆಚ್ಚುಕಮ್ಮಿ ಹಾಗಿತ್ತು. ಕೆಳಗೆ ಬಿದ್ದವನ ಮೇಲೆ ಎಷ್ಟು ಜನ ಬಿದ್ದರು ಅಂತ ಲೆಕ್ಕ ಇಡುವವರಿಲ್ಲ.

ಗೆರೆ ದಾಟಿ ಚೆಂಡು ಮುಟ್ಟಿಸಿದರೆ, ಅಂದರೆ ಟಚ್‌ಡೌನ್ ಆದರೆ, ಆಗ 5 ಅಂಕ. ಆಮೇಲೆ ಒದ್ದು ಕಂಬದ ನಡುವೆ ಕಳಿಸಿದರೆ ಇನ್ನೊಂದು. ಆಟದ ನಡುವೆ ನೇರವಾಗಿ ಕಂಬದ ನಡುವೆ ಒದ್ದರೂ 5. ಒಂದು ಅರ್ಧ 35 ನಿಮಿಷ, ಒಟ್ಟು 70.

ಈಗ ಮುಖ್ಯವಾದದ್ದು. ದಾಳಿಗೂ ಅದೇ ಹನ್ನೊಂದು ಜನ, ರಕ್ಷಣೆಗೂ ಅವರೇ. ಒಮ್ಮೆ ಹೊರಗೆ ಹೋದವನು ಆ ಪಂದ್ಯದಲ್ಲಿ ಮತ್ತೆ ಒಳಗೆ ಬರುವಂತಿಲ್ಲ. ತಲೆಗೆ ಹೆಲ್ಮೆಟ್ ಹಾಕುತ್ತಿದ್ದವರು ಅಪರೂಪ. ಕೂದಲು ಉದ್ದ ಬಿಟ್ಟರೆ ಪೆಟ್ಟು ಕಡಿಮೆ ಅಂತ ಬಿಡುತ್ತಿದ್ದರು. ಇಂಥ ಆಟವನ್ನು ಗುರು, ಶುಕ್ರ, ಶನಿ ಸತತ ಮೂರು ದಿನ ಆಡಿದ್ದಾರೆ. ಮ್ಯಾನೇಜರ್ ಹೀರೋ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಟಿಕೆಟ್ ಬುಕ್ ಮಾಡಿದವನಿಗೆ ಪಕ್ಕೆಲುಬು ಮುರಿಯುವುದಿಲ್ಲ.

ಸುಮ್ನೆ ಓದೋಳು

ಕೊನೇ ಸಾಲು!! 😂

ಬೋಗಿ ನಂಬರ್ ಏಳು

ರೈಲು ಅಂದಿದ್ದಕ್ಕೆ ಬಂದೆ. ಮೂವತ್ತು ವರ್ಷ ರೈಲ್ವೆಯಲ್ಲೇ ಇದ್ದವನು.

ಸುವಾನಿಗೆ ಮುಖ್ಯ ಲೈನ್ ಇರಲಿಲ್ಲ. ಕೆಳಗೆ ಕೋವನ್ ಅನ್ನುವ ಊರಿನಿಂದ ಬೆಟ್ಟ ಹತ್ತುವ ಒಂದು ಕವಲು ಲೈನ್. ಕಲ್ಲಿದ್ದಲು ತರುವುದಕ್ಕೆ ಹಾಕಿದ್ದು. ಆ ಏರು ನೋಡಿ ಜನ ಅದನ್ನು ಮೌಂಟನ್ ಗೋಟ್, ಅಂದರೆ ಬೆಟ್ಟದ ಮೇಕೆ ಅಂತ ಕರೆಯುತ್ತಿದ್ದರು. ತಂಡಕ್ಕೆ ಒಂದು ಪುಲ್‌ಮನ್ ಸ್ಲೀಪರ್ ಬೋಗಿ ಗೊತ್ತು ಮಾಡಿದ್ದರು. ಮಲಗುವುದು ಅಲ್ಲೇ, ಎದ್ದರೆ ಮುಂದಿನ ಊರು.

ಇದರ ಬೆಲೆ ಗೊತ್ತಾಗುವುದು ಬೋಗಿಯಲ್ಲಿ ಮಲಗಿ ಬಂದವರಿಗೆ ಮಾತ್ರ. ನಮ್ಮಲ್ಲೂ ಹಿಂದೆ ಜಂಕ್ಷನ್‌ನಲ್ಲಿ ಒಂದು ಗಾಡಿಯಿಂದ ಬೋಗಿ ಕಳಚಿ ಇನ್ನೊಂದಕ್ಕೆ ಹಾಕುತ್ತಿದ್ದರು, ಅರಸೀಕೆರೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ಮಲಗಿದವನಿಗೆ ಧಡ್ ಅಂತ ಒಂದು ಸದ್ದು, ಮತ್ತೆ ನಿದ್ದೆ.

ಹ್ಯೂಸ್ಟನ್‌ನಿಂದ ನ್ಯೂ ಆರ್ಲಿಯನ್ಸ್ ಹತ್ತಿರ ಹತ್ತಿರ 350 ಮೈಲಿ. ಶುಕ್ರವಾರ ಮಧ್ಯಾಹ್ನ ಆಡಿ, ಶನಿವಾರ ಅಲ್ಲಿ ಆಡಬೇಕು. ಅದರ ಮಧ್ಯೆ ಮಿಸಿಸಿಪ್ಪಿ ನದಿ ಬೇರೆ. ನ್ಯೂ ಆರ್ಲಿಯನ್ಸ್ ಹತ್ತಿರ ನದಿಗೆ ರೈಲು ಸೇತುವೆ ಬಂದಿದ್ದು 1935ರಲ್ಲಿ. ಅಲ್ಲಿಯವರೆಗೆ ಬೋಗಿಗಳನ್ನೇ ದೊಡ್ಡ ಫೆರ್ರಿ ದೋಣಿಗೆ ಹತ್ತಿಸಿ ಆಚೆ ದಡಕ್ಕೆ ಸಾಗಿಸುತ್ತಿದ್ದರು. ಒಂದು ಕನೆಕ್ಷನ್ ತಪ್ಪಿದ್ದರೆ ಮುಂದಿನ ಮೂರು ಪಂದ್ಯವೂ ಗೋವಿಂದ. ಹೀಗಾಗಿ ನನ್ನ ಓಟು ಮ್ಯಾನೇಜರ್‌ಗೇ.

ಅಂಕಿ ಅಂಶ

ಒಂದು ಅನುಮಾನ. ಇದೆಲ್ಲ ಯಾಕೆ? ಸಣ್ಣ ಕಾಲೇಜು ಅಂದಮೇಲೆ ಅಕ್ಕಪಕ್ಕದ ಊರಿನವರ ಜೊತೆ ಆಡಿಕೊಂಡು ಇರಬಹುದಿತ್ತಲ್ಲ.

ಗ್ಯಾಲರಿ ಗಿರಾಕಿ

ಅದೇ ಪಾಯಿಂಟ್. ಸುವಾನಿಗೆ ದುಡ್ಡು ತರುತ್ತಿದ್ದ ದೊಡ್ಡ ಪಂದ್ಯ ಅಂದರೆ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಜೊತೆಗಿನದ್ದು. ಗೇಟ್ ದುಡ್ಡು ಹಂಚಿಕೊಳ್ಳುವ ವಿಷಯದಲ್ಲಿ ಇಬ್ಬರಿಗೂ ಕಿತ್ತಾಟ ಆಯಿತು. 1899ರಲ್ಲಿ ಆ ಪಂದ್ಯವೇ ಇಲ್ಲ. ಬೆಟ್ಟದ ಮೇಲಿನ ಮೈದಾನಕ್ಕೆ ಟಿಕೆಟ್ ತೆಗೆದುಕೊಂಡು ಎಷ್ಟು ಜನ ಬರ್ತಾರೆ? ತಂಡ ನಡೆಸಲು ಕಾಸು ಬೇಕು. ಆಗ ಲೀ ತಲೆಗೆ ಹೊಳೆದಿದ್ದು ಇದು. ಜನ ಇರುವ ಊರಿಗೆ ನಾವೇ ಹೋಗೋಣ. ಒಂದೊಂದು ಪಂದ್ಯಕ್ಕೆ ಹೋಗಿ ವಾಪಸ್ ಬರುವ ಬದಲು ಒಂದೇ ಸುತ್ತಿನಲ್ಲಿ ಐದು ಮುಗಿಸಿದರೆ ರೈಲಿನ ಖರ್ಚೂ ಗಿಟ್ಟುತ್ತೆ.

ನಮ್ಮ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತಿದ್ದರಲ್ಲ, ಅದೇ ಲೆಕ್ಕ. ಕಲೆಕ್ಷನ್ ಆಯ್ತಾ, ಗಂಟು ಕಟ್ಟು, ಮುಂದಿನ ಊರು.

ನ್ಯಾಶ್‌ವಿಲ್ ಅಕ್ಕ

ಅಯ್ಯೋ, ಇದು ನಮ್ಮ ಕಡೆಯ ಕಥೆ! ನಾವಿರೋದು ನ್ಯಾಶ್‌ವಿಲ್‌ನಲ್ಲಿ. ಚಾಟನೂಗಾ ಕಡೆ ಹೋಗುವಾಗ ಮಾಂಟೀಗಲ್ ಘಾಟಿ ಹತ್ತುತ್ತೇವೆ, ಅಲ್ಲಿಂದ ಹತ್ತೇ ನಿಮಿಷ. ಮಗಳಿಗೆ ಕಾಲೇಜು ನೋಡೋಕೆ ಹೋದಾಗ ಒಮ್ಮೆ ಸುವಾನಿಗೂ ಹೋಗಿದ್ವಿ. ಕಲ್ಲಿನ ಕಟ್ಟಡ, ಮಂಜು, ಮರ. ನನಗಂತೂ ಮಡಿಕೇರಿ ನೆನಪಾಯಿತು. ಇವತ್ತಿಗೂ ಅಲ್ಲಿ ಎರಡು ಸಾವಿರ ವಿದ್ಯಾರ್ಥಿಗಳಿಲ್ಲ.

ಎರಡು ವಿಷಯ ಸೇರಿಸ್ತೀನಿ. ಆ ಕಾಲದಲ್ಲಿ ಅಲ್ಲಿ ದೊಡ್ಡ ರಜೆ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಪಾಠ. ಬೇರೆ ಕಾಲೇಜಿನ ಹುಡುಗರು ಮನೆಯಲ್ಲಿ ತಿಂದು ಮಲಗಿದ್ದಾಗ ಇವರು ಬೆಟ್ಟದ ಮೇಲೆ ಪ್ರಾಕ್ಟೀಸ್ ಮಾಡ್ತಿದ್ರು. ಕೋಚ್ ಬಿಲ್ಲಿ ಸೂಟರ್, ಪ್ರಿನ್ಸ್‌ಟನ್‌ನಲ್ಲಿ ಆಡಿ ಬಂದವನು. ಸುಮ್ನೆ ಪವಾಡ ಅಲ್ಲ.

ಇನ್ನೊಂದು ನೀರಿನ ಕಥೆ. ಹೊರಡುವಾಗ ಸುವಾನಿಯ ಚಿಲುಮೆ ನೀರನ್ನು ಎರಡು ಪೀಪಾಯಿ ತುಂಬಿ ರೈಲಿಗೆ ಹಾಕಿಕೊಂಡರು. ಊರೂರಿನ ನೀರು ಕುಡಿದು ಹೊಟ್ಟೆ ಕೆಡಬಾರದು ಅಂತ.

ಮಂಡ್ಯದೋನು

ಇದನ್ನ ನಮ್ಮಜ್ಜಿ ಕೇಳಬೇಕಿತ್ತು. "ನೀರು ಬದಲಾದ್ರೆ ಮೈ ಕೆಡುತ್ತೆ" ಅಂತ ಬೆಂಗಳೂರಿಗೆ ಬರುವಾಗಲೂ ಕ್ಯಾನ್‌ನಲ್ಲಿ ನಮ್ಮೂರ ನೀರು ತರ್ತಿದ್ರು. ಅಜ್ಜಿ 1899ರ ಲೆವೆಲ್‌ನಲ್ಲಿ ಇದ್ರು ಅಂತ ಈಗ ಗೊತ್ತಾಯ್ತು.

ಶೂ ಮರೆತು ಹೋಗಿದ್ದರಂತೆ, ಅದೂ ನಿಜಾನಾ?

ಗ್ಯಾಲರಿ ಗಿರಾಕಿ

ಆ ಕಥೆ ಅಲ್ಲಿ ಎಲ್ಲರ ಬಾಯಲ್ಲೂ ಇದೆ. ನೀರಿನ ಪೀಪಾಯಿ ನೆನಪಿಟ್ಟುಕೊಂಡು ಹತ್ತಿಸಿದರು, ಆಟದ ಶೂಗಳ ಚೀಲ ಹಿಂದೆ ಉಳೀತು. ಗಾಡಿ ಬಿಟ್ಟ ಮೇಲೆ ಗೊತ್ತಾಗಿ, ಹಿಂದಿನಿಂದ ತರಿಸಿಕೊಂಡರಂತೆ. ಮದುವೆ ದಿಬ್ಬಣ ಹೊರಟು ತಾಳಿ ಮರೆತ ಹಾಗೆ. ಹೌದು, ಇದು ನನ್ನ ಹೀರೋ ಮ್ಯಾನೇಜರ್‌ನ ಕೆಲಸವೇ. ಹಳೇ ರೆಫ್ರಿ ಸರ್ ಏನೂ ಬರೆಯೋ ಮೊದಲೇ ಒಪ್ಪಿಕೊಂಡಿದ್ದೇನೆ.

ಹಳೇ ರೆಫ್ರಿ

ಬರೆಯೋಕೆ ಕೂತಿದ್ದೆ, ಬಿಟ್ಟೆ.

ಆದರೆ ಮೈದಾನದ ಮಾತು ಬಿಡಲಾರೆ. ಕ್ಯಾಪ್ಟನ್ ಹೆನ್ರಿ ಸೀಬಲ್ಸ್, ಎಲ್ಲರೂ ಕರೆಯುತ್ತಿದ್ದುದು ಡಿಡ್ಡಿ. ಮೊದಲ ದಿನ ಟೆಕ್ಸಾಸ್ ಮೇಲೆಯೇ ಅವನ ತಲೆ ಒಡೆದು ರಕ್ತ ಬಂತು. ಪಟ್ಟಿ ಹಾಕಿಸಿಕೊಂಡು ಆಡಿದ. ಆವತ್ತಿನ ಎರಡೂ ಟಚ್‌ಡೌನ್ ಅವನದೇ. ನೆನಪಿರಲಿ, ಅದು ಐದರಲ್ಲಿ ಮೊದಲನೆಯದು. ಇನ್ನೂ ನಾಲ್ಕು ಬಾಕಿ. ಇನ್ನೊಬ್ಬ ಆರ್ಮಂಡ್ ಸಿಮ್ಕಿನ್ಸ್, ಫುಲ್‌ಬ್ಯಾಕ್, ಅಂದರೆ ಸಾಲಿನ ಹಿಂದೆ ನಿಂತು ಚೆಂಡು ಹಿಡಿದು ನುಗ್ಗುವವನು. ಚೆಂಡು ಒದೆಯುವುದರಲ್ಲಿ ಅವನಿಗೆ ಸಮ ಇಲ್ಲ. ಆಟದಲ್ಲಿ ಕಾಲಿಗೆ ಬಿದ್ದ ಪೆಟ್ಟುಗಳು ಅವನನ್ನು ಬಿಡಲೇ ಇಲ್ಲ. ಕೊನೆಗೆ ಎರಡೂ ಕಾಲು ಕತ್ತರಿಸಬೇಕಾಯಿತು ಅನ್ನುತ್ತಾರೆ. ಟೈಮ್ ಟೇಬಲ್ ಹೊಗಳುವವರು ಈ ಸಾಲನ್ನೂ ಓದಲಿ.

ಸುಮ್ನೆ ಓದೋಳು

ಇದನ್ನು ಓದಿ ಬೇಜಾರಾಯಿತು ಸರ್. ಇಷ್ಟು ಅಪಾಯ ಅಂತ ಗೊತ್ತಿದ್ದೂ ಕಾಲೇಜುಗಳು ಆಡಲು ಬಿಡುತ್ತಿದ್ದವಾ? ಯಾರೂ ಕೇಳಲಿಲ್ವಾ?

ನ್ಯಾಶ್‌ವಿಲ್ ಅಕ್ಕ

ಕೇಳಿದ್ರು. ಸುವಾನಿ ಆ ವರ್ಷ ಮೊದಲು ಎದುರಿಸಿದ್ದು ಜಾರ್ಜಿಯಾ ತಂಡವನ್ನು, ಅಕ್ಟೋಬರ್ 21, ಅಟ್ಲಾಂಟಾದಲ್ಲಿ. ಆ ಜಾರ್ಜಿಯಾ ತಂಡವೇ ಇರಬಾರದಿತ್ತು, ಗೊತ್ತಾ? ಎರಡು ವರ್ಷ ಮೊದಲು, 1897ರ ಅಕ್ಟೋಬರ್ ಕೊನೆಯಲ್ಲಿ, ಅದೇ ಅಟ್ಲಾಂಟಾದಲ್ಲಿ ವರ್ಜೀನಿಯಾ ಜೊತೆ ಆಡುವಾಗ ಜಾರ್ಜಿಯಾದ ವಾನ್ ಗ್ಯಾಮನ್ ಅನ್ನೋ ಹುಡುಗನ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ರಾಜ್ಯದಲ್ಲಿ ಫುಟ್‌ಬಾಲನ್ನೇ ನಿಷೇಧಿಸಬೇಕು ಅಂತ ಶಾಸನಸಭೆ ಮಸೂದೆ ಪಾಸು ಮಾಡಿತು. ಗವರ್ನರ್ ಸಹಿ ಒಂದೇ ಬಾಕಿ.

ಆಗ ನಿಷೇಧ ಬೇಡ ಅಂತ ಪತ್ರ ಬರೆದಿದ್ದು ಯಾರು ಹೇಳಿ? ಸತ್ತ ಹುಡುಗನ ತಾಯಿ, ರೋಸಲಿಂಡ್ ಗ್ಯಾಮನ್. ಮಗನಿಗೆ ಪ್ರಾಣವಾಗಿದ್ದ ಆಟವನ್ನು ಅವನ ಹೆಸರಲ್ಲೇ ನಿಲ್ಲಿಸಬೇಡಿ ಅಂತ. ಗವರ್ನರ್ ಅಟ್ಕಿನ್ಸನ್ ಮಸೂದೆಯನ್ನು ತಿರಸ್ಕರಿಸಿದರು. ಆ ತಾಯಿ ಮಾಡಿದ್ದು ಸರಿನಾ ತಪ್ಪಾ, ಇವತ್ತಿಗೂ ನನಗೆ ತೀರ್ಮಾನ ಮಾಡೋಕೆ ಆಗಿಲ್ಲ. ನಾನಾಗಿದ್ದರೆ ಬರೀತಿರಲಿಲ್ಲ.

ಹಳೇ ರೆಫ್ರಿ

ಅಕ್ಕಾ, ನಿಯಮ ನಿಜವಾಗಿ ಬದಲಾಗಲು 1905 ಬರಬೇಕಾಯಿತು. ಆ ಒಂದೇ ವರ್ಷ ಹದಿನೆಂಟರಷ್ಟು ಹುಡುಗರು ಸತ್ತರು ಅಂತ ಪತ್ರಿಕೆಗಳು ಲೆಕ್ಕ ಕೊಟ್ಟವು. ಅಧ್ಯಕ್ಷ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೇ ಕರೆಸಿ ಮಾತಾಡಿದರು. ಮುಂದಕ್ಕೆ ಎಸೆಯುವ ಪಾಸ್ ಬಂದಿದ್ದು ಆ ಗದ್ದಲದ ನಂತರ.

ಅಂಕಿ ಅಂಶ

ಸರಿ, ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ. ಹನ್ನೆರಡಕ್ಕೆ ಹನ್ನೆರಡೂ ಗೆಲುವು ಅಂದರೆ ಕೇಳೋಕೆ ಚೆನ್ನ. ಆದರೆ ಕಂಬರ್ಲೆಂಡ್ ಮೇಲೆ 71-0, ಸೌತ್‌ವೆಸ್ಟರ್ನ್ ಪ್ರೆಸ್ಬಿಟೀರಿಯನ್ ಮೇಲೆ 54-0, ಟೆನೆಸ್ಸೀ ಮೇಲೆ 46-0. ಇದು ಪೈಪೋಟಿಯಾ? ಆಗ ಆಟದ ಬಲ ಇದ್ದಿದ್ದು ಈಶಾನ್ಯದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಕಡೆ. 1899ರಲ್ಲಿ ಹಾರ್ವರ್ಡ್ ಹತ್ತು ಗೆದ್ದು ಯೇಲ್ ಜೊತೆ ಒಂದು ಡ್ರಾ ಮಾಡಿಕೊಂಡಿತು. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಅಂತ ಆಮೇಲೆ ಕೂತು ಲೆಕ್ಕ ಹಾಕಿದವರು ಹೆಚ್ಚಾಗಿ ಕೊಟ್ಟಿದ್ದು ಹಾರ್ವರ್ಡ್‌ಗೆ. ಸುವಾನಿ ದಕ್ಷಿಣದ ಚಾಂಪಿಯನ್, ಸರಿ. ಅದಕ್ಕಿಂತ ಹೆಚ್ಚು ಹೇಳಿದರೆ ಅಭಿಮಾನ ಆಗುತ್ತೆ.

ಗ್ಯಾಲರಿ ಗಿರಾಕಿ

71-0 ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಕೊನೆಯ ಎರಡು ಪಂದ್ಯ ನೋಡಿ ಆಮೇಲೆ ತಣ್ಣೀರು ಎರಚಿ.

ನವೆಂಬರ್ 30, ಥ್ಯಾಂಕ್ಸ್‌ಗಿವಿಂಗ್ ದಿನ. ಮಾಂಟ್‌ಗಮರಿಯಲ್ಲಿ ಆಬರ್ನ್ ಎದುರು. ಆಬರ್ನ್ ಕೋಚ್ ಯಾರು? ಜಾನ್ ಹೈಸ್‌ಮನ್. ಇವತ್ತು ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಇರೋದು ಅವನ ಹೆಸರಲ್ಲೇ. ಒಂದು ಪ್ರಯತ್ನ ಮುಗಿದು ಎದುರಾಳಿ ಎದ್ದು ನಿಲ್ಲುವಷ್ಟರಲ್ಲಿ ಮುಂದಿನ ಪ್ರಯತ್ನ ಶುರು ಮಾಡುವ ಹಾಗೆ ಅವನು ಹುಡುಗರನ್ನು ತಯಾರು ಮಾಡಿದ್ದ. ಸುವಾನಿಗೆ ಉಸಿರು ಸಿಗಲಿಲ್ಲ. ಆ ವರ್ಷ ಸುವಾನಿ ಮೇಲೆ ಯಾರಾದರೂ ಅಂಕ ಗಳಿಸಿದ್ದು ಅಂದರೆ ಆವತ್ತು ಮಾತ್ರ. ಇಬ್ಬರದೂ ಎರಡೆರಡು ಟಚ್‌ಡೌನ್. ಆಬರ್ನ್‌ನವರು ನಂತರದ ಕಿಕ್ ಎರಡೂ ತಪ್ಪಿಸಿದರು, ಸುವಾನಿಗೆ ಒಂದು ಸಿಕ್ಕಿತು. 11-10. ಇಡೀ ಸೀಸನ್ ನಿಂತಿದ್ದು ಆ ಒಂದು ಕಿಕ್ ಮೇಲೆ!

ಹೈಸ್‌ಮನ್ ಸುಮ್ಮನಿರಲಿಲ್ಲ. ಅಂಪೈರ್ ಮೋಸ ಮಾಡಿದ ಅಂತ ಪೇಪರ್‌ಗೆ ಉದ್ದಕ್ಕೆ ಪತ್ರ ಬರೆದ. ಆಗಲೂ ಅಷ್ಟೇ, ಈಗಲೂ ಅಷ್ಟೇ.

ಅದಾಗಿ ಎರಡೇ ದಿನಕ್ಕೆ, ಡಿಸೆಂಬರ್ 2, ಅಟ್ಲಾಂಟಾದಲ್ಲಿ ನಾರ್ತ್ ಕೆರೊಲಿನಾ. 5-0. ಆ ಐದೂ ಸಿಮ್ಕಿನ್ಸ್ ಒದ್ದ ಒಂದು ಕಿಕ್‌ನಿಂದ. ಅಕ್ಟೋಬರ್ 21ರಿಂದ ಲೆಕ್ಕ ಹಾಕಿ, ಸರಿಯಾಗಿ ಆರು ವಾರ.

ಬೋಗಿ ನಂಬರ್ ಏಳು

ಕಂಬರ್ಲೆಂಡ್ ಹೆಸರು ಎಲ್ಲೋ ಕೇಳಿದ್ದೇನೆ. 222-0 ಸೋತಿದ್ದು ಅವರೇ ಅಲ್ವಾ?

ಅಂಕಿ ಅಂಶ

ಅವರೇ ಸರ್. 1916, ಜಾರ್ಜಿಯಾ ಟೆಕ್ ಮೇಲೆ. ಟೆಕ್ ಕೋಚ್ ಮತ್ತೆ ಇದೇ ಹೈಸ್‌ಮನ್. ಕಂಬರ್ಲೆಂಡ್ ಆಗಲೇ ಫುಟ್‌ಬಾಲ್ ನಿಲ್ಲಿಸಿತ್ತು. ಪಂದ್ಯ ಆಡದಿದ್ದರೆ 3,000 ಡಾಲರ್ ದಂಡ ಅಂತ, ಸಿಕ್ಕ ಹುಡುಗರನ್ನು ಕೂಡಿಹಾಕಿ ಕಳಿಸಿದ್ದು. ಅದರ ಮುಂದೆ 71-0 ಗೌರವದ ಸೋಲು.

ಮಂಡ್ಯದೋನು

ಮಧ್ಯೆ ಭಾನುವಾರ ರಜೆ ಅಂದ್ರಲ್ಲ, ಏನ್ ಮಾಡಿದ್ರು? ಮಲಗಿದ್ರಾ?

ನ್ಯಾಶ್‌ವಿಲ್ ಅಕ್ಕ

ಚರ್ಚ್ ಕಾಲೇಜು, ಭಾನುವಾರ ಆಡುವ ಹಾಗಿಲ್ಲ. ಲೂಸಿಯಾನದಲ್ಲಿ ಒಂದು ಕಬ್ಬಿನ ತೋಟ ನೋಡೋಕೆ ಹೋಗಿದ್ದರು.

ಮಂಡ್ಯದೋನು

ಕಬ್ಬಾ!! ನವೆಂಬರ್ ಅಂದ್ರೆ ಅಲ್ಲಿ ಕಬ್ಬು ಅರೆಯೋ ಕಾಲ. ಜಲ್ಲೆ ಮುರಿದು ತಿಂದಿರ್ತಾರೆ ಬಿಡಿ. ಸೋಮವಾರ 34-0 ಹೆಂಗಾಯ್ತು ಅಂತ ಈಗ ಅರ್ಥವಾಯ್ತು. ಇದಕ್ಕೆ ಮ್ಯಾನೇಜರೂ ಕಾರಣ ಅಲ್ಲ, ಕ್ಯಾಪ್ಟನ್ನೂ ಅಲ್ಲ.

ಸುಮ್ನೆ ಓದೋಳು

ನನಗೊಂದು ಪ್ರಶ್ನೆ. ರಾತ್ರಿ ರೈಲು, ಹಗಲು ಹೊಡೆದಾಟ. ಮೈಕೈ ನೋವು ಯಾರು ನೋಡಿಕೊಳ್ತಿದ್ದರು? ಡಾಕ್ಟರ್ ಇದ್ರಾ?

ನ್ಯಾಶ್‌ವಿಲ್ ಅಕ್ಕ

ನೀವು ಕೇಳಿದ್ದು ಒಳ್ಳೇದಾಯ್ತು. ಇದನ್ನು ಹೇಳಬೇಕು ಅಂತಲೇ ಕಾಯ್ತಿದ್ದೆ. ತಂಡದ ಜೊತೆ ಕ್ಯಾಲ್ ಬರೋಸ್ ಅಂತ ಒಬ್ಬ ಕರಿಯ ಟ್ರೇನರ್ ಇದ್ದರು. ಮಾಲೀಶು ಮಾಡೋದು, ಪೆಟ್ಟಿಗೆ ಪಟ್ಟಿ ಕಟ್ಟೋದು, ಮಾರನೇ ದಿನಕ್ಕೆ ಆ ಹುಡುಗರನ್ನು ಎಬ್ಬಿಸಿ ನಿಲ್ಲಿಸೋದು ಅವರ ಕೆಲಸ. ಇದು 1899ರ ಕಾಲದ, ಅಮೆರಿಕದ ದಕ್ಷಿಣ ರಾಜ್ಯಗಳ ಮಾತು, ಮರೀಬೇಡಿ. ಕರಿಯರಿಗೆ ಬೇರೆ ರೈಲು ಬೋಗಿ, ಬೇರೆ ಬಾಗಿಲು. ಆ ಕಾಲೇಜನ್ನು ಕಟ್ಟಲು ಮುಂದೆ ನಿಂತವರಲ್ಲಿ ಲಿಯೋನಿಡಾಸ್ ಪೋಲ್ಕ್ ಒಬ್ಬರು. ಬಿಷಪ್, ಗುಲಾಮರ ಒಡೆಯ, ಅಂತರ್ಯುದ್ಧದಲ್ಲಿ ದಕ್ಷಿಣದ ಸೇನೆಯ ಜನರಲ್. ಅಂಥ ಕಾಲೇಜಿನಲ್ಲಿ ಓದಲು ಕ್ಯಾಲ್ ಬರೋಸ್‌ಗೆ ಜಾಗ ಇರಲಿಲ್ಲ. ಅಲ್ಲಿಯ ಹುಡುಗರ ಕಾಲು ಒತ್ತಲು ಇತ್ತು.

ಹಳೇ ರೆಫ್ರಿ

ನಾನು ಇಷ್ಟು ಹೊತ್ತು ಹನ್ನೊಂದು ಜನರ ಪರ ವಾದ ಮಾಡಿದೆ. ಇವರ ಹೆಸರು ನನಗೂ ಹೊಳೆಯಲಿಲ್ಲ. ಕಬಡ್ಡಿ ಕ್ಯಾಂಪಲ್ಲಿ ಎಣ್ಣೆ ತಿಕ್ಕುವವರು ಎರಡು ದಿನ ಬರದಿದ್ದರೆ ತಂಡ ಏಳುವುದಿಲ್ಲ, ಅದು ಗೊತ್ತಿದ್ದೂ.

ಗ್ಯಾಲರಿ ಗಿರಾಕಿ

ನನ್ನ ವಾದಕ್ಕೆ ಅರ್ಧ ಪೆಟ್ಟು ಬಿತ್ತು, ಒಪ್ಪುತ್ತೇನೆ. ಲೀ ರೈಲು ಹತ್ತಿಸಿದ, ಬರೋಸ್ ಇಳಿಯುವ ಹಾಗೆ ಮಾಡಿದರು. ಇನ್ನರ್ಧ ಬಿಡಲ್ಲ, ಯಾಕಂದ್ರೆ ಲೀ ಬುದ್ಧಿ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ನ್ಯಾಶ್‌ವಿಲ್‌ನಲ್ಲಿ ಪತ್ರಿಕೆ ಶುರು ಮಾಡಿದ, ಟೆನೆಸ್ಸಿಯನ್. 1911ರಲ್ಲಿ ಅಮೆರಿಕದ ಸೆನೆಟರ್. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಜರ್ಮನಿಯ ಕೈಸರ್, ಅಂದರೆ ಪಟ್ಟ ಕಳಕೊಂಡ ಚಕ್ರವರ್ತಿ, ನೆದರ್ಲೆಂಡ್ಸ್‌ನ ಆಮೆರೊಂಗೆನ್ ಕೋಟೆಯಲ್ಲಿ ಅಡಗಿದ್ದ ನೋಡಿ, ಅವನನ್ನು ಹೊತ್ತು ತರೋಣ ಅಂತ ಸೇನೆಯ ಗೆಳೆಯರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ! ಕೈಸರ್ ಸಿಗಲಿಲ್ಲ. ಅವರಲ್ಲೊಬ್ಬ ಅವನ ಆಶ್‌ಟ್ರೇ ಎತ್ತಿಕೊಂಡು ಬಂದ. ಸೇನೆ ಛೀಮಾರಿ ಹಾಕಿತು.

ಅಂಕಿ ಅಂಶ

ಅದೇ ಲೀ 1930ರ ದಶಕದಲ್ಲಿ ಬ್ಯಾಂಕ್ ಮುಳುಗಿದ ಕೇಸಿನಲ್ಲಿ ಜೈಲಿಗೂ ಹೋಗಿ ಬಂದ. ಆಮೇಲೆ ಕ್ಷಮಾದಾನ ಸಿಕ್ಕಿತು, ಸರಿ. ಪೂರ್ತಿ ಹೇಳಬೇಕಲ್ಲ ಗಿರಾಕಿಯವರೇ.

ಗ್ಯಾಲರಿ ಗಿರಾಕಿ

ನಾಳೆ ಹೇಳೋಣ ಅಂತಿದ್ದೆ 🙂

ಬೋಗಿ ನಂಬರ್ ಏಳು

ಆ ತಂಡ ಈಗ ಎಲ್ಲಿದೆ? ದೊಡ್ಡ ಲೀಗ್‌ನಲ್ಲಿ ಹೆಸರೇ ಕೇಳಲ್ಲ.

ನ್ಯಾಶ್‌ವಿಲ್ ಅಕ್ಕ

1932ರಲ್ಲಿ ಎಸ್‌ಇಸಿ ಅನ್ನೋ ಆಗ್ನೇಯ ರಾಜ್ಯಗಳ ಕಾಲೇಜು ಲೀಗ್ ಕಟ್ಟಿದ 13 ಕಾಲೇಜುಗಳಲ್ಲಿ ಸುವಾನಿಯೂ ಒಂದು. ಅಷ್ಟೊತ್ತಿಗೆ ಬೇರೆಯವರು ದೊಡ್ಡದಾಗಿ ಬೆಳೆದಿದ್ದರು, ಇವರು ಅಷ್ಟೇ ಇದ್ದರು. ಲೀಗ್ ಪಂದ್ಯ 37 ಆಡಿ 37ನ್ನೂ ಸೋತು 1940ರಲ್ಲಿ ಹೊರಗೆ ಬಂದರು. ಈಗ ಸ್ಕಾಲರ್‌ಶಿಪ್ ಕೊಡದ ಸಣ್ಣ ಕಾಲೇಜುಗಳ ಮೂರನೇ ಡಿವಿಷನ್‌ನಲ್ಲಿ ಆಡ್ತಾರೆ. ಮೌಂಟನ್ ಗೋಟ್ ಲೈನೂ ಈಗ ಇಲ್ಲ ಸರ್. ಹಳಿ ಕಿತ್ತು ನಡೆದಾಡುವ, ಸೈಕಲ್ ತುಳಿಯುವ ದಾರಿ ಮಾಡಿದ್ದಾರೆ. ಬರೋ ಶನಿವಾರ ಮಗಳ ಜೊತೆ ಅಲ್ಲಿಗೆ ಹೋಗ್ತಿದ್ದೀನಿ.

ಮಂಡ್ಯದೋನು

ಅಕ್ಕಾ, ಒಂದು ಬಾಟ್ಲಿ ನೀರು ತುಂಬಿಸ್ಕೊಂಡು ಬನ್ನಿ. ನಮ್ಮ ವಾಲಿಬಾಲ್ ಟೀಮ್ ಹೋದ ತಿಂಗಳಿಂದ ಸೋಲ್ತಾನೇ ಇದೆ.

ನ್ಯಾಶ್‌ವಿಲ್ ಅಕ್ಕ

ಹೋಗಿ ಬಂದೆ. ದಾರಿ ಚೆನ್ನಾಗಿದೆ, ಎರಡೂ ಕಡೆ ಮರ, ಎಲೆ ಉದುರುತ್ತಿತ್ತು. ನಾಲ್ಕು ಕಿಲೋಮೀಟರ್ ನಡೆದ್ವಿ. ನೀರು ಮನೆಯಿಂದಲೇ ಒಯ್ದಿದ್ದೆ, ಅಮ್ಮ ಫೋನಲ್ಲಿ ಎರಡು ಸಲ ನೆನಪಿಸಿದ್ರು.